ಬೈಕಿನಲ್ಲಿ ಒಂದು ಭಾನುವಾರ: ಬಿಡದಿಯ ಇಡ್ಲಿಯಿಂದ ಮೇಲುಕೋಟೆಯ ಪುಳಿಯೋಗರೆವರೆಗೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ನಿಂತಿತು. ಬೈಕ್ ಸವಾರರಲ್ಲಿ ಹಲವರು ಆಗ ಮುಖ ಊದಿಸಿಕೊಂಡರು. ತಿಂಡಿಪ್ರಿಯರ ಮಟ್ಟಿಗೆ ಹೇಳುವುದಾದರೆ ಅದು ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕಾರಿನವರು ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್‌ನಲ್ಲೇ ದಾಟಿ ಹೋಗುತ್ತಾರೆ. ಬೈಕಿನವರು ಊರೊಳಗೇ ಹಾಯಬೇಕು. ತಟ್ಟೆ ಇಡ್ಲಿ, ಮದ್ದೂರು ವಡೆಯ ಹಳೆಯ ಹೋಟೆಲುಗಳಿರುವುದೂ ಆ ಹಳೆ ರಸ್ತೆಯಲ್ಲೇ.

ಗೆಳೆಯರೊಂದಿಗೆ ಒಂದೇ ದಿನದಲ್ಲಿ ಹೋಗಿ ಬರಲು ಈ ದಾರಿಯಲ್ಲಿ ಮೇಲುಕೋಟೆಯಷ್ಟು ಹೊಂದುವ ಊರು ಇನ್ನೊಂದಿಲ್ಲ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು, ಇಂಥ ಪ್ರವಾಸವನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂದು ನೋಡೋಣ.

1. ವಾಪಸಾಗುವ ಹೊತ್ತನ್ನು ಮೊದಲು ಗೊತ್ತು ಮಾಡಿ

ಗೆಳೆಯರ ಗುಂಪಿನಲ್ಲಿ ಮೊದಲು ಏಳುವ ಪ್ರಶ್ನೆ ‘ಎಲ್ಲಿಗೆ?’ ಎಂಬುದು. ಮೊದಲು ಕೇಳಬೇಕಾದದ್ದು ‘ಎಷ್ಟು ಹೊತ್ತಿಗೆ ಮನೆ?’ ಎಂದು. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಇರಬಾರದು ಎಂಬುದನ್ನು ನಿಯಮ ಮಾಡಿಕೊಂಡರೆ ಉಳಿದದ್ದೆಲ್ಲ ಹಿಂದಿನಿಂದ ಲೆಕ್ಕ ಹಾಕಬಹುದು.

ಬೆಂಗಳೂರಿನಿಂದ ಬಿಡದಿ ಸುಮಾರು 35 ಕಿ.ಮೀ., ಮದ್ದೂರು 80, ಮಂಡ್ಯ 100. ಅಲ್ಲಿಂದ ಒಳದಾರಿಯಲ್ಲಿ ಮೇಲುಕೋಟೆಗೆ ಇನ್ನೊಂದು 35 ಕಿ.ಮೀ. ಬರುವಾಗ ನಾಗಮಂಗಲ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲದ ಮೂಲಕ ಸುತ್ತಿಕೊಂಡು ಬಂದರೆ ಒಟ್ಟು 300 ಕಿ.ಮೀ. ಆಸುಪಾಸು. ಊರುಗಳ ನಡುವೆ ಹಾದುಹೋಗುವ ಗುಂಪಿಗೆ ಗಂಟೆಗೆ 40 ಕಿ.ಮೀ. ಸರಾಸರಿ ಸಿಕ್ಕರೆ ಅದೇ ಹೆಚ್ಚು. ಅಂದರೆ ಏಳೂವರೆ ಗಂಟೆ ಸೀಟಿನ ಮೇಲೆ. ಬೆಳಗ್ಗೆ ಐದೂವರೆಗೆ ಹೊರಟು ಸಂಜೆ ಆರಕ್ಕೆ ನೆಲಮಂಗಲದಲ್ಲಿರಬೇಕೆಂದರೆ ತಿನ್ನಲು, ನೋಡಲು, ಸುಮ್ಮನೆ ಹರಟಲು ಐದು ಗಂಟೆ ಉಳಿಯಿತು. ಇದು ಸಾಕು. ಇದರೊಳಗೆ ಶ್ರೀರಂಗಪಟ್ಟಣವನ್ನೂ ತೊಣ್ಣೂರು ಕೆರೆಯನ್ನೂ ತುರುಕಲು ಹೋದರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ.

ದೂರ ಓಡಿಸಿ ಅಭ್ಯಾಸವಿಲ್ಲದವರು ಗುಂಪಿನಲ್ಲಿದ್ದರೆ ಮೊದಲ ಸಲ ಮೇಲುಕೋಟೆ ಬೇಡ. ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟಿರುತ್ತವೆ. ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

2. ಗುಂಪು ಚಿಕ್ಕದಿರಲಿ

ನಾಲ್ಕೈದು ಬೈಕು ಸಾಕು. ಅದಕ್ಕಿಂತ ಹೆಚ್ಚಾದರೆ ಎರಡು ಗುಂಪಾಗಿ ಹತ್ತು ನಿಮಿಷದ ಅಂತರದಲ್ಲಿ ಹೊರಡಿ. ದಾರಿ ಬಲ್ಲವರು ಮುಂದೆ, ಅನುಭವ ಹೆಚ್ಚಿರುವವರು ಎಲ್ಲರಿಗಿಂತ ಹಿಂದೆ, ಹೊಸಬರು ಮುಂದಾಳುವಿನ ಬೆನ್ನಿಗೇ. ಹೀಗಿದ್ದರೆ ಹೊಸಬರ ವೇಗವೇ ಗುಂಪಿನ ವೇಗವಾಗುತ್ತದೆ. ಪೆಟ್ರೋಲಿನ ಲೆಕ್ಕವೂ ಹೀಗೆಯೇ. ಯಾರ ಟ್ಯಾಂಕ್ ಎಲ್ಲಕ್ಕಿಂತ ಚಿಕ್ಕದೋ ಅವರು ತುಂಬಿಸುವಾಗ ಎಲ್ಲರೂ ತುಂಬಿಸಬೇಕು.

ನೇರ ರಸ್ತೆಯಲ್ಲಿ ಒಂದೇ ಸಾಲಿನಲ್ಲಿ ಅಂಟಿಕೊಂಡು ಹೋಗದೆ, ಒಬ್ಬರು ಲೇನಿನ ಬಲಬದಿ, ಮುಂದಿನವರು ಎಡಬದಿ ಎಂದು ಓರೆಯಾಗಿ ಸಾಗಿ. ಮುಂದಿನ ಬೈಕು ಒಂದು ಕಂಬವನ್ನು ದಾಟಿದ ಮೇಲೆ ನೀವು ಆ ಕಂಬವನ್ನು ತಲುಪಲು ಕನಿಷ್ಠ ಎರಡು ಸೆಕೆಂಡ್ ಹಿಡಿಯಬೇಕು. ತಿರುವುಗಳಲ್ಲಿ ಓರೆ ಸಾಲು ಬೇಡ, ಒಬ್ಬರ ಹಿಂದೆ ಒಬ್ಬರು. ಪ್ರತಿಯೊಬ್ಬರೂ ತಮ್ಮ ಹಿಂದಿನವರನ್ನು ಕನ್ನಡಿಯಲ್ಲಿ ಗಮನಿಸುತ್ತಿರಬೇಕು. ರಸ್ತೆ ಕವಲೊಡೆಯುವ ಕಡೆ ಹಿಂದಿನವರು ಕಾಣಿಸುವವರೆಗೆ ನಿಲ್ಲಬೇಕು. ಇದೊಂದನ್ನು ಪಾಲಿಸಿದರೆ ‘ಎಲ್ಲಿದ್ದೀಯಾ?’ ಎಂಬ ಫೋನ್ ಕರೆಗಳ ಕಾಟವೇ ಇರುವುದಿಲ್ಲ.

3. ಶನಿವಾರ ಸಂಜೆಯೇ ಬೈಕ್ ನೋಡಿ

ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ಅಳೆಯಬೇಕು, ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ. ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ ಎಂಬುದು ಬೈಕಿನ ಕೈಪಿಡಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಚೈನ್ ಸಡಿಲ, ಬ್ರೇಕ್, ಹಿಂದಿನ ದೀಪ, ಇಂಡಿಕೇಟರ್ ನೋಡಿಕೊಳ್ಳಿ. ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಕ್ಚರ್ ಕಿಟ್ ಮತ್ತು ಚಿಕ್ಕ ಪಂಪು ಇಡೀ ಗುಂಪಿಗೆ ಒಂದೊಂದು ಸಾಕು. ಸ್ಪೋಕ್ ಚಕ್ರದ, ಟ್ಯೂಬ್ ಇರುವ ಬೈಕಿನವರು ಒಂದು ಹೊಸ ಟ್ಯೂಬ್ ಒಯ್ಯುವುದು ಒಳ್ಳೆಯದು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಹಾಕುವ ಕೈ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಇರಲಿಕ್ಕಿಲ್ಲ.

ಹೆಲ್ಮೆಟ್ ಇಬ್ಬರಿಗೂ ಬೇಕು. ಅದರ ಮೇಲೆ ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ತುರ್ತು ಸಂಖ್ಯೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಎರಡನ್ನೂ ಮೊಬೈಲ್‌ನಲ್ಲಿ ಉಳಿಸಿಕೊಂಡಿರಿ.

4. ಹಳೆ ರಸ್ತೆ ತಪ್ಪದಂತೆ ಹೋಗುವುದು

ಮೊಬೈಲ್ ನಕ್ಷೆಯನ್ನು ದ್ವಿಚಕ್ರ ವಾಹನದ ಆಯ್ಕೆಗೆ ಬದಲಿಸಿಕೊಳ್ಳಿ. ಕಾರಿನ ಆಯ್ಕೆಯಲ್ಲಿದ್ದರೆ ಅದು ನಿಮ್ಮನ್ನು ನೇರ ಎಕ್ಸ್‌ಪ್ರೆಸ್‌ ವೇಗೆ ಹತ್ತಿಸಲು ನೋಡುತ್ತದೆ. ನಕ್ಷೆ ಏನೇ ಹೇಳಲಿ, ಎಕ್ಸ್‌ಪ್ರೆಸ್‌ ವೇಗೆ ಹತ್ತುವ ದಾರಿ ಕವಲೊಡೆಯುವ ಕಡೆ ನಂಬಬೇಕಾದದ್ದು ಫಲಕವನ್ನು. ಕೆಂಪು ವೃತ್ತದೊಳಗೆ ಬೈಕಿನ ಚಿತ್ರವಿದ್ದರೆ ಎಡಕ್ಕೇ ಉಳಿಯಿರಿ. ತಪ್ಪಿ ಒಳಗೆ ಹೋದರೆ 500 ರೂಪಾಯಿ ದಂಡ. ಅದಕ್ಕಿಂತ ಹೆಚ್ಚಾಗಿ, ನೂರರ ವೇಗದಲ್ಲಿ ಬರುವ ಕಾರುಗಳ ನಡುವೆ ಹೊರದಾರಿ ಹುಡುಕುವ ಪಡಿಪಾಟಲು.

ಎಕ್ಸ್‌ಪ್ರೆಸ್‌ ವೇ ಪಕ್ಕದಲ್ಲಿ ಬೈಕಿಗೆ ಉಳಿದಿರುವ ಸರ್ವಿಸ್ ರಸ್ತೆಗೂ ಅದರದ್ದೇ ಆದ ಗುಣಗಳಿವೆ. ಎದುರಿನಿಂದ ತಪ್ಪು ಬದಿಯಲ್ಲಿ ಬರುವ ಮೊಪೆಡ್ಡು, ಬಣ್ಣವಿಲ್ಲದ ಹಂಪು, ಕೆಳಸೇತುವೆಯಿಂದ ಒಮ್ಮೆಲೇ ಹೊರಬರುವ ಟ್ರ್ಯಾಕ್ಟರು ಇವೆಲ್ಲ ಇಲ್ಲಿ ದಿನನಿತ್ಯದವು. ಐವತ್ತರ ಮೇಲೆ ಓಡಿಸಲು ಹೋಗಬೇಡಿ.

5. ತಿಂಡಿಯನ್ನು ಹಂಚಿ ತಿನ್ನಿ

ಬಿಡದಿಗೆ ಏಳರೊಳಗೆ ತಲುಪಿದರೆ ಜನ ಕಡಿಮೆ, ಇಡ್ಲಿ ಬಿಸಿ. ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಸ್ಟ್ಯಾಂಡನ್ನು ಹಬೆಯಿಂದ ಎತ್ತಿ, ಚಮಚ ಆಡಿಸಿ ಇಡ್ಲಿ ಬಿಡಿಸಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟು ಕೊಡುತ್ತಾರೆ. ಬೆಣ್ಣೆ ಅಂಚಿಗೆ ಜಾರುವ ಮೊದಲೇ ಚಟ್ನಿ ಬೆರೆಸಿ ತಿನ್ನಬೇಕು. ಎರಡು ತಟ್ಟೆಗೆ ಕೈ ತೊಳೆಯಿರಿ. ಮೂರನೆಯದು ಎಷ್ಟೇ ಕರೆದರೂ ಬೇಡ, ಮುಂದೆ ಮದ್ದೂರಿದೆ.

ಮದ್ದೂರು ವಡೆಗೆ ಉದ್ದು ಬೇಡ. ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ, ಧಾರಾಳವಾಗಿ ಈರುಳ್ಳಿ, ಕರಿಬೇವು ಕಲಸಿ ಅಂಗೈಯಗಲ ತಟ್ಟಿ ಕರಿಯುತ್ತಾರೆ. ಬಿಸಿಯದನ್ನು ಮುರಿದರೆ ಅಂಚು ಗರಿ, ನಡು ಮೆದು, ಒಳಗೆ ಬೆಂದ ಈರುಳ್ಳಿಯ ಸಿಹಿ. ಈ ಹೊತ್ತಿಗೆ ಇಬ್ಬರಿಗೊಂದು ವಡೆ, ಅರ್ಧ ಕಾಫಿ ಸಾಕು. ಉಳಿದ ಆಸೆಯನ್ನು ಪೊಟ್ಟಣ ಕಟ್ಟಿಸಿಕೊಳ್ಳಿ. ಒಂದು ದಿನ ಇಟ್ಟರೂ ಕೆಡದ ತಿಂಡಿ ಅದು. ರೈಲಿನಲ್ಲಿ ಮಾರಿಯೇ ಹೆಸರಾದದ್ದಲ್ಲವೇ?

6. ಒಳದಾರಿಯಲ್ಲಿ ಕಣ್ಣು ನೆಲದ ಮೇಲಿರಲಿ

ಮಂಡ್ಯ ಬಿಟ್ಟ ಮೇಲೆ ರಸ್ತೆ ಕಿರಿದಾಗುತ್ತದೆ, ಎರಡೂ ಕಡೆ ಕಬ್ಬು, ಭತ್ತ. ಈ ಪ್ರವಾಸದ ಸೊಗಸಾದ ಭಾಗವೂ ಅಪಾಯದ ಭಾಗವೂ ಇದೇ. ಡಿಸೆಂಬರ್, ಜನವರಿಯಲ್ಲಿ ರೈತರು ರಾಗಿ, ಹುರುಳಿಯ ಬೆಳೆಯನ್ನು ರಸ್ತೆಯ ಮೇಲೇ ಹರಡಿರುತ್ತಾರೆ. ವಾಹನ ಹಾದು ಕಾಳು ಉದುರಲಿ ಎಂಬ ಲೆಕ್ಕ. ಕಾರಿಗೆ ಅದು ಏನೂ ಅಲ್ಲ. ಬೈಕಿನ ಚಕ್ರಕ್ಕೆ ಒಣಹುಲ್ಲಿನಷ್ಟು ಜಾರುವ ವಸ್ತು ಕಡಿಮೆ, ಹುಲ್ಲಿನ ಅಂಚಿಗೆ ಇಟ್ಟ ಕಲ್ಲುಗಳು ಬೇರೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಮೊದಲೇ ವೇಗ ಇಳಿಸಿ, ಎರಡನೇ ಗೇರಿನಲ್ಲಿ ನೇರವಾಗಿ ದಾಟಿ. ಕಬ್ಬು ಅರೆಯುವ ಕಾಲದಲ್ಲಿ ಲೋಡಿನಿಂದ ಜಾರಿ ಬಿದ್ದ ಜಲ್ಲೆಗಳೂ ಹೀಗೆಯೇ. ಸಂಜೆಯಾದರೆ ಹಿಂದಿನ ದೀಪವಿಲ್ಲದ ಕಬ್ಬಿನ ಗಾಡಿಗಳು ಕಣ್ಣಿಗೇ ಬೀಳುವುದಿಲ್ಲ. ಬರುವಾಗ ಈ ದಾರಿಯನ್ನು ಬಿಡಲು ಹೇಳಿದ್ದು ಅದಕ್ಕೇ.

ಜಕ್ಕನಹಳ್ಳಿ ದಾಟಿದ ಮೇಲೆ ರಸ್ತೆ ಏರುತ್ತದೆ. ತಿರುವುಗಳು ಕಡಿದಾದವೇನಲ್ಲ, ಆದರೆ ಎದುರಿನಿಂದ ಬರುವ ಬಸ್ಸಿಗೆ ಇಡೀ ರಸ್ತೆ ಬೇಕು.

7. ಮೇಲುಕೋಟೆಯಲ್ಲಿ ಮೊದಲು ಬೆಟ್ಟ

ಹನ್ನೊಂದರೊಳಗೆ ತಲುಪಿದರೆ ಮೊದಲು ಯೋಗಾನರಸಿಂಹನ ಬೆಟ್ಟ ಹತ್ತಿ. ನೆತ್ತಿಯ ಮೇಲೆ ಬಿಸಿಲು ಬಂದ ಮೇಲೆ ಬರಿಗಾಲಿನಲ್ಲಿ ಆ ಕಲ್ಲುಮೆಟ್ಟಿಲು ತುಳಿಯುವುದು ಶಿಕ್ಷೆ. ಇಳಿದು ಬಂದು ಚೆಲುವನಾರಾಯಣನ ಗುಡಿ. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಯ ಕಡೆಗೇ. ಕಲ್ಯಾಣಿ, ಪೂರ್ತಿಯಾಗದೆ ಕಂಬಗಳಷ್ಟೇ ನಿಂತಿರುವ ರಾಯಗೋಪುರ, ಅಕ್ಕತಂಗಿ ಕೊಳಗಳಿಗೆ ಹೊತ್ತಿನ ಕಟ್ಟಿಲ್ಲ, ಆಮೇಲೆ ನೋಡಬಹುದು. ಪು.ತಿ.ನ. ಹುಟ್ಟಿದ ಊರಿದು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಮಾರ್ಚ್, ಏಪ್ರಿಲ್‌ನಲ್ಲಿ ವೈರಮುಡಿ ಉತ್ಸವದ ದಿನ ಮಾತ್ರ ಬೈಕಿನಲ್ಲಿ ಸುತ್ತಾಟಕ್ಕೆಂದು ಬರಬೇಡಿ, ಕಾಲಿಡಲೂ ಜಾಗವಿರುವುದಿಲ್ಲ.

ಬೈಕ್ ನಿಲ್ಲಿಸುವಾಗ ಮಂಗಗಳ ನೆನಪಿರಲಿ. ಮದ್ದೂರಿನಲ್ಲಿ ಕಟ್ಟಿಸಿದ ವಡೆಯ ಪೊಟ್ಟಣವನ್ನು ಟ್ಯಾಂಕಿನ ಮೇಲಿನ ಚೀಲದಲ್ಲಿ ಬಿಟ್ಟು ಹೋದರೆ ವಡೆಯೂ ಇಲ್ಲ, ಚೀಲದ ಜಿಪ್ಪೂ ಇಲ್ಲ.

ಒಂದರ ಸುಮಾರಿಗೆ ಪುಳಿಯೋಗರೆ. ಹುಣಸೆ, ಬೆಲ್ಲ, ಮೆಣಸಿನಕಾಯಿ, ಎಳ್ಳು, ಎಣ್ಣೆ ಹದವಾಗಿ ಕೂಡಿದ ಗೊಜ್ಜು ಅನ್ನದ ಅಗುಳಗುಳಿಗೂ ಹತ್ತಿರುತ್ತದೆ, ಜೊತೆಗೆ ಒಂದು ದೊನ್ನೆ ಸಕ್ಕರೆ ಪೊಂಗಲ್. ಎಣ್ಣೆ, ಅನ್ನ, ತುಪ್ಪ, ಬಿಸಿಲು ಸೇರಿದರೆ ನಿದ್ದೆ ಬಾರದೆ ಇರುವುದಿಲ್ಲ. ತಿಂದ ಕೂಡಲೇ ಗಾಡಿ ಹತ್ತಬೇಡಿ. ಕಲ್ಯಾಣಿಯ ಮಂಟಪದ ನೆರಳಿನಲ್ಲಿ ಅರ್ಧ ಗಂಟೆ ಕೂತು, ನೀರು ಕುಡಿದು ಎರಡೂವರೆಗೆ ಹೊರಡಿ.

8. ಬರುವ ದಾರಿ

ನಾಗಮಂಗಲದಲ್ಲಿ ಹೊಯ್ಸಳರ ಕಾಲದ ಸೌಮ್ಯಕೇಶವ ಗುಡಿ ರಸ್ತೆಗೆ ಹತ್ತಿರವೇ ಇದೆ. ಬಾಗಿಲು ಹಾಕಿದ್ದರೂ ಎತ್ತರದ ಗೋಪುರ ನೋಡಿ ಹತ್ತು ನಿಮಿಷ ಕಾಲು ನೀಡಬಹುದು. ಬೆಳ್ಳೂರು ಕ್ರಾಸ್‌ನಲ್ಲಿ ಚಹಾ, ಪೆಟ್ರೋಲ್. ಅಲ್ಲಿಂದ ಮುಂದೆ ಹಾಸನದ ಹೆದ್ದಾರಿ. ಬೈಕಿಗೆ ಟೋಲ್ ಇಲ್ಲ, ನಿಷೇಧವೂ ಇಲ್ಲ. ಆದರೆ ಭಾನುವಾರ ಸಂಜೆ ಸಕಲೇಶಪುರ, ಚಿಕ್ಕಮಗಳೂರಿಗೆ ಹೋದವರೆಲ್ಲ ಇದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಎಡ ಲೇನಿನಲ್ಲೇ ಇರಿ. ದಣಿದ ಮೈಗೆ ಈ ನೇರ ರಸ್ತೆ ಬೇಸರ ತರುತ್ತದೆ, ಬೇಸರಕ್ಕೆ ವೇಗ ಹೆಚ್ಚಿಸುವವರೇ ಬಹಳ. ಯಡಿಯೂರಿನಲ್ಲೋ ಕುಣಿಗಲ್‌ನಲ್ಲೋ ಇನ್ನೊಮ್ಮೆ ನಿಂತು ಮುಖ ತೊಳೆದುಕೊಳ್ಳಿ. ನೆಲಮಂಗಲದಲ್ಲಿ ಸಾಲು ಬಿಡಿಸಿಬಿಡಿ. ನಗರದ ದಟ್ಟಣೆಯಲ್ಲಿ ಗುಂಪಾಗಿ ಹೋಗಲು ಹಟ ಹಿಡಿದರೆ ಯಾರಾದರೊಬ್ಬರು ಸಿಗ್ನಲ್ ಹಾರಿಸುತ್ತಾರೆ.

9. ಹಣದ ಲೆಕ್ಕ

ಇಡೀ ದಿನದ ತಿಂಡಿ, ಕಾಫಿ, ಪಾರ್ಕಿಂಗ್‌ಗೆ ಒಬ್ಬರೇ ಕೊಡುತ್ತಾ ಹೋಗಲಿ. ಪ್ರತಿ ಹೋಟೆಲಿನಲ್ಲೂ ಎಲ್ಲರೂ ಮೊಬೈಲ್ ತೆಗೆದು ಪಾಲು ಹಾಕಲು ನಿಂತರೆ ಅಲ್ಲೇ ಅರ್ಧ ಗಂಟೆ ಹೋಯಿತು. ಪೆಟ್ರೋಲ್ ಮಾತ್ರ ಅವರವರದು. ಹಿಂದೆ ಕೂತು ಬಂದವರು ತಿಂಡಿಯ ಪಾಲಿನ ಮೇಲೆ ಪೆಟ್ರೋಲಿನ ಅರ್ಧ ಕೊಡುವುದು ಮರ್ಯಾದೆ. ಮನೆ ಸೇರಿದವರು ಗುಂಪಿಗೆ ‘ತಲುಪಿದೆ’ ಎಂದು ಒಂದು ಸಂದೇಶ ಹಾಕಿ, ಚೈನ್ ಇನ್ನೂ ಬೆಚ್ಚಗಿರುವಾಗಲೇ ಒರೆಸಿ ಲೂಬ್ ಹಾಕಿಬಿಡಲಿ. ಲೆಕ್ಕದ ಚೀಟಿ ಸೋಮವಾರ ಕಳುಹಿಸಿದರೆ ಸಾಕು.