ಬರಹ ಕದ್ದವರ ಜೊತೆ ಜಗಳಕ್ಕೆ ಮುಂಚೆ

ನಿಮ್ಮ ಕಥೆಯೋ ಲೇಖನವೋ ಬೇರೆಯವರ ಹೆಸರಲ್ಲಿ ಕಂಡರೆ ತಕ್ಷಣ ಕಾಮೆಂಟಲ್ಲಿ ಜಗಳಕ್ಕಿಳಿಯಬೇಡಿ. ಆಸಾಮಿ ನಿಮ್ಮನ್ನೇ ಬ್ಲಾಕ್ ಮಾಡಿ ಕೂರುತ್ತಾನೆ. ಮೊದಲು ಹೆಸರು, ದಿನಾಂಕ ಎರಡೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. 'ಕೃಪೆ: ವಾಟ್ಸಾಪ್' ಅಂತ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ವಾಟ್ಸಾಪ್ ಯಾವಾಗಿನಿಂದ ಕಥೆ ಬರೆಯೋಕೆ ಶುರು ಮಾಡಿತೋ!

ಫೇಸ್‌ಬುಕ್ ಆದರೆ ಅದರ ಕಾಪಿರೈಟ್ ದೂರಿನ ಫಾರಂ ಬೇರೆಯೇ ಇದೆ, ಅದನ್ನೇ ತುಂಬಿ. ನಿಮ್ಮ ಮೂಲ ಪೋಸ್ಟಿನ ಲಿಂಕ್, ಕದ್ದದ್ದರ ಲಿಂಕ್ ಎರಡನ್ನೂ ಕೊಡಿ. ದೂರು ಕೊಟ್ಟವರ ಹೆಸರು, ಇಮೇಲ್ ಎದುರಿನವರಿಗೆ ಹೋಗಬಹುದು, ಹಾಗಾಗಿ ಬೇರೊಂದು ಇಮೇಲ್ ಇಟ್ಟುಕೊಂಡರೆ ಒಳ್ಳೆಯದು. ಬರಹವನ್ನು ನೋಂದಣಿ ಮಾಡಿಸಿಲ್ಲವಲ್ಲ ಅನ್ನೋ ಅಂಜಿಕೆ ಬೇಡ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಬರಹದ ಮೇಲಿನ ಹಕ್ಕಿಗೆ ನೋಂದಣಿ ಕಡ್ಡಾಯವಲ್ಲ.