ಕೋಣೆಯ ನಡುವೆ ಸಿಗದ ಗುಂಯ್ ಸದ್ದು

ದಾವಣಗೆರೆಯ ನಮ್ಮ ಮನೆಯಲ್ಲಿ ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್‌ಪಿ ಮೋಟಾರಿನ ಸದ್ದು ಮಲಗುವ ಕೋಣೆಯಲ್ಲಿ ಎಷ್ಟೆಂದು ಅಳೆದದ್ದು ಹೀಗೆ. ಇದಕ್ಕೆ ಮೊಬೈಲ್ ಆ್ಯಪ್ ನಂಬಬೇಡಿ. ಎಷ್ಟೋ ಫೋನುಗಳು ಸದ್ದಿನ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ, ತಗ್ಗು ಸ್ವರವನ್ನು ಕತ್ತರಿಸುತ್ತವೆ. ನಾನು ಬಳಸಿದ್ದು ಯುಮಿಕ್-1 ಯುಎಸ್‌ಬಿ ಮೈಕು ಮತ್ತು ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝರ್ಡ್ ತಂತ್ರಾಂಶ. ಮೈಕಿನ ಸೀರಿಯಲ್ ನಂಬರಿಗೆ ಸೇರಿದ ಕ್ಯಾಲಿಬ್ರೇಶನ್ ಫೈಲನ್ನು (ಆ ಮೈಕಿನ ಅಳತೆಯ ತಪ್ಪು ತಿದ್ದುವ ಅಂಕಿಪಟ್ಟಿ) ತಯಾರಕರ ತಾಣದಿಂದ ಇಳಿಸಿಕೊಳ್ಳಬೇಕು. ಮೈಕು ಸೂರಿಗೆ ಮುಖ ಮಾಡಿದ್ದರೆ 90 ಡಿಗ್ರಿ ಫೈಲು. ಸ್ಟ್ಯಾಂಡಿನ ಕೆಳಗೆ ನಾಲ್ಕು ಮಡಿಕೆ ಕೌದಿ ಹಾಕಿ, ಇಲ್ಲದಿದ್ದರೆ ನೆಲದ ನಡುಕವೂ ಸದ್ದಿನ ಲೆಕ್ಕಕ್ಕೆ ಸೇರುತ್ತದೆ.

ಮೊದಲ ಎಡವಟ್ಟು ಎ-ವೇಟಿಂಗ್‌ನದು, ಅಂದರೆ ಕಿವಿಗೆ ಕಡಿಮೆ ಕೇಳುವ ತಗ್ಗು ಸ್ವರಗಳನ್ನು ಕಡಿತ ಮಾಡಿ ಅಳೆಯುವ ವಿಧಾನದ್ದು. ವಸತಿ ಪ್ರದೇಶಕ್ಕೆ 2000ರ ಶಬ್ದಮಾಲಿನ್ಯ ನಿಯಮಗಳು ಹೇಳುವ ರಾತ್ರಿಯ 45 ಡೆಸಿಬೆಲ್ ಮಿತಿ ಇದೇ ಅಳತೆಯದು. ಆದರೆ ಅದು 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಹತ್ತಿರದ ಸದ್ದಿನಿಂದ ಸುಮಾರು 30 ಡೆಸಿಬೆಲ್ ಕಳೆದುಬಿಡುತ್ತದೆ. ಹಾಗಾಗಿ ಮೀಟರಿನಲ್ಲಿ ಫ್ಯಾನ್ ಮಾತ್ರ ಕಂಡಿತು, ಮೋಟಾರು ಅಡಗಿತು. ಯಾವ ಸ್ವರವನ್ನೂ ಕಳೆಯದ ಜೆಡ್-ವೇಟಿಂಗ್ ಇಟ್ಟು, ಸೆಕೆಂಡಿಗೆ 48,000 ಸ್ಯಾಂಪಲ್ ತೆಗೆದು, ಎಫ್‌ಎಫ್‌ಟಿ (ಸದ್ದನ್ನು ಬಿಡಿ ಸ್ವರಗಳಾಗಿ ಒಡೆಯುವ ಲೆಕ್ಕ) ಉದ್ದವನ್ನು 65,536 ಸ್ಯಾಂಪಲ್ ಮಾಡಿದರೆ ಸ್ವರಗಳ ಗೆರೆಗಳು 0.73 ಹರ್ಟ್ಸ್ ಅಂತರದಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಅಲ್ಲಿಂದ ಮುಂದೆ ಓದುವುದು ಸುಲಭ. 100, 200, 300 ಹರ್ಟ್ಸ್‌ನಲ್ಲೇ ನಿಂತ ಗೆರೆ ವಿದ್ಯುತ್ತಿನದು, ಹೆಚ್ಚಾಗಿ ಫ್ಯಾನ್ ರೆಗ್ಯುಲೇಟರ್ ಅಥವಾ ಸ್ಟೆಬಿಲೈಜರ್. 50ಕ್ಕಿಂತ ತುಸು ಕೆಳಗಿರುವುದು ತಿರುಗುವ ಯಂತ್ರದ್ದು: ನಿಮಿಷಕ್ಕೆ 2,880 ಸುತ್ತಿನ ಮೋಟಾರು 48 ಹರ್ಟ್ಸ್ ಕೊಡುತ್ತದೆ, ವೋಲ್ಟೇಜ್ ಬಿದ್ದರೆ ಇನ್ನೂ ಸ್ವಲ್ಪ ಜಾರುತ್ತದೆ.

ಹೆಚ್ಚು ದಾರಿ ತಪ್ಪಿಸಿದ್ದು ಮೈಕು ಇಟ್ಟ ಜಾಗ. ಕೋಣೆಯ ನಟ್ಟನಡುವೆ 48 ಹರ್ಟ್ಸ್‌ನಲ್ಲಿ ಸಿಕ್ಕಿದ್ದು 41 ಡೆಸಿಬೆಲ್. ಹಾಸಿಗೆಯ ತಲೆದೆಸೆಯ ಗೋಡೆ ಬಳಿ 58. ಕೋಣೆ 12 ಅಡಿ ಉದ್ದ, ಅಂದರೆ 3.66 ಮೀಟರ್. ಬೇಸಿಗೆಯಲ್ಲಿ ಒಳಗೆ 35 ಡಿಗ್ರಿ ಇರುವಾಗ ಶಬ್ದದ ವೇಗ ಸೆಕೆಂಡಿಗೆ 352 ಮೀಟರ್. ಅದನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 48 ಹರ್ಟ್ಸ್, ಅಂದರೆ ಆ ಉದ್ದದ ಕೋಣೆ ತಾನೇ ಅನುರಣಿಸುವ ಸ್ವರ. ಮೋಟಾರಿನ ಸ್ವರವೂ ಕೋಣೆಯ ಸ್ವರವೂ ಒಂದೇ ಆಗಿತ್ತು! ಆ ಅಲೆಯ ಒತ್ತಡ ನಡುವೆ ಕರಗಿ ಗೋಡೆಗಳ ಬಳಿ ಏರುತ್ತದೆ. ಆದ್ದರಿಂದ ಮೈಕು ತಲೆದಿಂಬಿನ ಜಾಗದಲ್ಲಿ, ಕಿವಿ ಇರುವ ಎತ್ತರದಲ್ಲೇ ಇರಬೇಕು.

ಮೋಟಾರಿನ ಅಡಿಗೆ ರಬ್ಬರ್ ಪ್ಯಾಡ್ ಕೊಟ್ಟಾಗ ಇಳಿದದ್ದು 2 ಡೆಸಿಬೆಲ್ ಅಷ್ಟೇ. ನಡುಕ ಗೋಡೆಗೆ ಬಿಗಿದ ಪೈಪಿನಲ್ಲಿ ಏರುತ್ತಿತ್ತು. ಪಂಪಿನ ಬಾಯಿಯಿಂದ ಒಂದೂವರೆ ಅಡಿ ಪೈಪು ಕತ್ತರಿಸಿ ಒತ್ತಡ ತಡೆಯುವ ರಬ್ಬರ್ ಹೋಸ್ ಜೋಡಿಸಿ, ಕ್ಲ್ಯಾಂಪುಗಳೊಳಗೆ ಸೈಕಲ್ ಟ್ಯೂಬ್ ಸುತ್ತಿದ ಮೇಲೆ ದಿಂಬಿನ ಬಳಿ 47ಕ್ಕೆ ಇಳಿಯಿತು.