ಅತ್ತೆಯವರ ಮರೆವು ಮತ್ತು ನೂರು ಪುಟದ ನೋಟುಪುಸ್ತಕ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಒಂಟಿಮನೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ಹೋಗಿಬರಲು ಇಡೀ ದಿನ ಬೇಕಾದರೂ ವೈದ್ಯರ ಮುಂದೆ ಕೂರಲು ಸಿಗುತ್ತಿದ್ದುದು ಹತ್ತೇ ನಿಮಿಷ. ಆ ಹತ್ತು ನಿಮಿಷವೂ ಅತ್ತೆಯವರು ಮಳೆ, ಅಡಿಕೆ ದರಗಳ ಬಗ್ಗೆ ಎಷ್ಟು ಸರಾಗವಾಗಿ ಮಾತನಾಡುತ್ತಿದ್ದರೆಂದರೆ, ಹಿಂದಿನ ರಾತ್ರಿ ಮೂರು ಗಂಟೆಗೆ ಅವರು ಕೊಟ್ಟಿಗೆಯಲ್ಲಿ ನಿಂತಿದ್ದರೆಂಬ ನನ್ನ ಮಾತು ಸೊಸೆಯ ದೂರಿನಂತೆ ಕೇಳಿಸುತ್ತಿತ್ತು.

ಮರೆವು ತರಬಲ್ಲ, ಆದರೆ ಸರಿಪಡಿಸಬಹುದಾದ ಥೈರಾಯ್ಡ್ ಮತ್ತು ಬಿ12 ಕೊರತೆಗಳಿಲ್ಲವೆಂದು ಖಚಿತವಾಗಿ, ಆಲ್‌ಝೈಮರ್ ಎಂಬ ಮಿದುಳಿನ ಮರೆವಿನ ಕಾಯಿಲೆ ಎಂದು ತಿಳಿದ ಮೇಲೆ ಮಾತ್ರೆ ಶುರುವಾಯಿತು. ಅದು ಕಾಯಿಲೆಯನ್ನು ಗುಣಪಡಿಸುವುದಿಲ್ಲವೆಂದು ವೈದ್ಯರು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು.

ಅಂದಿನಿಂದ ನಿದ್ರೆ, ಊಟ, ಮಲಮೂತ್ರ, ಸಂಜೆಯ ವರ್ತನೆಗಳನ್ನು ಗಂಟೆಸಮೇತ ನೋಟುಪುಸ್ತಕದಲ್ಲಿ ಬರೆಯತೊಡಗಿದೆ. 'ಹಟ ಮಾಡಿದರು' ಎಂದು ಬರೆಯುವುದನ್ನು ಬಿಟ್ಟು, ನಡೆದದ್ದನ್ನಷ್ಟೇ ಬರೆಯಲು ಕಲಿಯುವುದಕ್ಕೆ ತಿಂಗಳು ಹಿಡಿಯಿತು. ದೀಪ ಹಚ್ಚುವ ಹೊತ್ತಿಗೆ ಅವರು ಸೆರಗು ಹೊದ್ದು ಜಗಲಿಗೆ ಬಂದು, "ಕತ್ತಲಾಯ್ತಲ್ಲೇ ತಂಗಿ, ನಾನು ಮನೆಗೆ ಹೊರಡ್ತೀನಿ" ಎನ್ನುತ್ತಿದ್ದರು. "ಇದೇ ನಿಮ್ಮ ಮನೆ" ಎಂದು ನಾನು ವಾದಿಸಿದ ದಿನಗಳಲ್ಲೇ ರಂಪ ಹೆಚ್ಚಾಗಿತ್ತೆಂಬುದು ಪುಟ ತಿರುವಿದಾಗ ತಿಳಿಯಿತು. ಕತ್ತಲಾಗುವ ಮೊದಲೇ ದೀಪ ಹಾಕಿ, ಮೊರದಲ್ಲಿ ಒಣಗಿದ ಅಡಿಕೆ ಕೊಟ್ಟು ಆರಿಸಲು ಕೂರಿಸಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲಿ ಎಂದು ಕೇಳುತ್ತಿದ್ದರು. ಅದು ಅಟ್ಟ ಸೇರಿಯಾಗಿತ್ತು.

ಒಂದು ಆಷಾಢದಲ್ಲಿ ಅವರು ಎರಡೇ ದಿನಕ್ಕೆ ಪೂರಾ ಮಂಕಾಗಿ, ಗೋಡೆಯ ಮೇಲೆ ಯಾರೋ ಕೂತಿದ್ದಾರೆ ಎನ್ನತೊಡಗಿದರು. ಹತ್ತಿರದ ಚಿಕಿತ್ಸಾಲಯದವರು ಕಾಯಿಲೆ ಮುಂದುವರಿದಿದೆಯೆಂದು ನಿದ್ರೆಮಾತ್ರೆ ಬರೆದರು. ಮಂಗಳವಾರದಿಂದಲೇ ಅವರು ಪದೇಪದೇ ಮೂತ್ರಕ್ಕೆ ಹೋಗಿದ್ದು, ನೀರು ಬೇಡವೆಂದದ್ದು ಪುಸ್ತಕದಲ್ಲಿತ್ತು. ಪಟ್ಟುಹಿಡಿದು ಮೂತ್ರಪರೀಕ್ಷೆ ಮಾಡಿಸಿದೆ, ಸೋಂಕಿತ್ತು. ಅದು ವಾಸಿಯಾಗುತ್ತಿದ್ದಂತೆ ಮೊದಲಿನಂತಾದರು. ಆಲ್‌ಝೈಮರ್ ನಿಧಾನವಾಗಿ ಇಳಿಸುವ ಕಾಯಿಲೆ. ಎರಡು ದಿನದಲ್ಲಿ ಕುಸಿದರೆ ಬೇರೆ ಕಾರಣ ಹುಡುಕಬೇಕು. ಶಿವಮೊಗ್ಗದ ವೈದ್ಯರು ಮುಂದಿನ ಭೇಟಿಯಿಂದ ಮೊದಲು ಪುಸ್ತಕವನ್ನೇ ಕೇಳತೊಡಗಿದರು.

2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಾನು ಕರೆ ಮಾಡಿದ್ದು ಅತ್ತೆಯವರಿಗಾಗಿ ಅಲ್ಲ, ನನಗಾಗಿ. ಸಿಗ್ನಲ್ ಸಿಗುವ ದಣಪೆಯ, ಅಂದರೆ ಬೇಲಿಬಾಗಿಲಿನ ಬಳಿ ಕೊಡೆ ಹಿಡಿದು ನಿಂತು, ನಿದ್ರೆಯಿಲ್ಲವೆಂದೂ ಸಿಟ್ಟು ಬರುತ್ತದೆಂದೂ ಹೇಳಿಕೊಂಡೆ. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಸಹಾಯವಾಣಿಯವರು ಕೇಳಿದ ಮೇಲೆಯೇ ನಾದಿನಿಯನ್ನು ಬಾಯಿಬಿಟ್ಟು ಕರೆಯುವ ಧೈರ್ಯ ಬಂತು. ಅವಳು ಹತ್ತು ದಿನಕ್ಕೆ ಬಂದಳು, ನಾನು ತವರಿಗೆ ಹೋದೆ. ಮರಳಿದಾಗ ಪುಸ್ತಕದಲ್ಲಿ ಅವಳ ಅಕ್ಷರವಿತ್ತು: "ಸಂಜೆ 6. ಮನೆಗೆ ಹೊರಟರು. ದಣಪೆಯವರೆಗೆ ನಾನೂ ಜೊತೆಗೆ ಹೋದೆ. ಅವರೇ ತಿರುಗಿ ಬಂದರು."